ಬಿಸ್ಕತ್ ಡಬ್ಬಿಯ ಮಾತ್ರೆ, ಲಿವರಿನ ಕೀವು

ಓದುಗರ ಪ್ರಶ್ನೆ, ಡಾಕ್ಟ್ರಮ್ಮನ ಉತ್ತರ

(ಉತ್ತರಿಸುವವರು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನಿವೃತ್ತ ಫಿಜಿಶಿಯನ್. ಓದುಗರ ಹೆಸರುಗಳನ್ನು ಕೈಬಿಟ್ಟಿದ್ದೇವೆ.)

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ, ಶುಗರ್ ಇದೆ. ಅಡಿಕೆಯ ಕೊನೆಕೊಯ್ಲು ಮುಗಿಯುವ ಹೊತ್ತಿಗೆ ಚಳಿಜ್ವರ ಶುರುವಾಯಿತು. ಊರಿನಲ್ಲೇ ಮೂರು ಸಲ ಮಾತ್ರೆ ಬದಲಾಯಿಸಿದೆವು. ಹನ್ನೆರಡನೇ ದಿನ ಶಿವಮೊಗ್ಗದಲ್ಲಿ ಸ್ಕ್ಯಾನ್ ಮಾಡಿಸಿದಾಗ ಲಿವರಿನಲ್ಲಿ ಕೀವುಗಡ್ಡೆ ಇದೆ ಎಂದರು. ಟ್ಯೂಬ್ ಹಾಕಿ ಕೀವು ತೆಗೆಯುತ್ತಿದ್ದಾರೆ. ರಿಪೋರ್ಟಿನಲ್ಲಿ ‘ಕ್ಲೆಬ್ಸಿಯೆಲ್ಲಾ, ಇಎಸ್‌ಬಿಎಲ್ ಪಾಸಿಟಿವ್’ ಎಂದು ಬಂದಿದೆ. ಅಪ್ಪ ಜೀವಮಾನದಲ್ಲಿ ಒಂದು ತೊಟ್ಟು ಕುಡಿದವರಲ್ಲ. ಈಗ ನೆಂಟರೆಲ್ಲ ಕದ್ದು ಕುಡಿಯುತ್ತಿದ್ದರೇನೋ ಎಂದು ಗುಸುಗುಸು ಮಾಡುತ್ತಿದ್ದಾರೆ. ಈ ಕಾಯಿಲೆ ಹೇಗೆ ಬಂತು? ದಿನಕ್ಕೆ ಮೂರು ಸಲ ಕೊಡುವ ಆ ಇಂಜೆಕ್ಷನ್ನೇ ಬೇಕಾ? — ಮಗಳು, ಕೊಪ್ಪದ ಹತ್ತಿರದಿಂದ

ಉತ್ತರ: ಮೊದಲು ನೆಂಟರ ಬಾಯಿ ಮುಚ್ಚಿಸೋಣ. ಲಿವರ್ ಅಂದ ಕೂಡಲೇ ನಮ್ಮ ಜನಕ್ಕೆ ಬಾಟಲಿಯೇ ಕಣ್ಣ ಮುಂದೆ ಬರುತ್ತದೆ. ಎರಡು ವರ್ಷದ ಹಿಂದೆ ನನ್ನ ಲಿವರಿನಲ್ಲೂ ಇದೇ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾದ ಕೀವು ತುಂಬಿತ್ತು. ನನ್ನ ಹೊಟ್ಟೆಗೆ ಇವತ್ತಿನವರೆಗೆ ಹೋಗಿರುವ ಮದ್ಯ ಅಂದರೆ ಬಾಣಂತನದಲ್ಲಿ ಅಮ್ಮ ಕುಡಿಸಿದ ದ್ರಾಕ್ಷಾರಿಷ್ಟ, ಅಷ್ಟೇ.

ಕುಡಿತಕ್ಕೂ ಕೀವಿಗೂ ಹೆಚ್ಚು ನಂಟು ಕಾಣುವುದು ಇನ್ನೊಂದು ಬಗೆಯಲ್ಲಿ. ಅದು ಅಮೀಬಾದಿಂದ ಆಗುವ ಕೀವು. ಕೊಳಕು ನೀರು, ಆಹಾರದ ಮೂಲಕ ಬರುತ್ತದೆ. ಕುಡಿಯುವ ಗಂಡಸರಲ್ಲಿ ಜಾಸ್ತಿ. ಅದರ ಕೀವು ಇಟ್ಟಿಗೆ ಅರೆದು ಕಲಸಿದ ಹಾಗೆ ಕಂದಗಿರುತ್ತದೆ. ಮೆಟ್ರೋನಿಡಜೋಲ್ ಶುರು ಮಾಡಿದರೆ ಬಹಳ ಜನಕ್ಕೆ ಮೂರು ನಾಲ್ಕು ದಿನದಲ್ಲೇ ಜ್ವರ ಇಳಿಯುತ್ತದೆ. ನಿಮ್ಮ ತಂದೆಯದು ಅದಲ್ಲ. ಬ್ಯಾಕ್ಟೀರಿಯಾದಿಂದ ಆದ ಕೀವು. ಇದಕ್ಕೆ ದೊಡ್ಡ ಆಹ್ವಾನ ಕೊಡುವುದು ಶುಗರ್.

ಹೇಗೆ ಬಂತು ಅಂತ ಕೇಳಿದ್ದೀರಿ. ಕ್ಲೆಬ್ಸಿಯೆಲ್ಲಾ ಎಲ್ಲಿಂದಲೋ ಹಾರಿ ಬಂದ ಭೂತ ಅಲ್ಲ. ನಮ್ಮಲ್ಲಿ ಎಷ್ಟೋ ಜನರ ಕರುಳಿನಲ್ಲಿ ಅದು ತಣ್ಣಗೆ ಬಿಡಾರ ಹೂಡಿರುತ್ತದೆ. ಕರುಳಿನಿಂದ ಹೊರಟ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ, ಮೊದಲು ಲಿವರಿಗೆ ಬರುತ್ತದೆ. ಆಗುಂಬೆ ಘಾಟಿ ಹತ್ತಿದ ಗಾಡಿ ಚೆಕ್‌ಪೋಸ್ಟಿನಲ್ಲಿ ನಿಂತೇ ಮುಂದೆ ಹೋಗುತ್ತದಲ್ಲ, ಹಾಗೆ. ತಪಾಸಣೆಯಲ್ಲಿ ಸಿಕ್ಕಿಬಿದ್ದ ಬ್ಯಾಕ್ಟೀರಿಯಾವನ್ನು ಲಿವರ್ ಸಾಮಾನ್ಯವಾಗಿ ಅಲ್ಲೇ ಮುಗಿಸುತ್ತದೆ. ಶುಗರ್ ಹತೋಟಿ ತಪ್ಪಿದವರಲ್ಲಿ ಕಾವಲು ಸಡಿಲ. ಇನ್ನೊಂದು ದಾರಿ ಪಿತ್ತನಾಳ. ಅಲ್ಲಿ ಕಲ್ಲು ಸಿಕ್ಕಿಕೊಂಡು ಪಿತ್ತ ಕಟ್ಟಿದರೆ ಸೋಂಕು ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ. ಒಡೆದ ಅಪೆಂಡಿಕ್ಸಿನಿಂದಲೂ ಬರಬಹುದು. ಎಷ್ಟೋ ಸಲ ಎಷ್ಟು ಹುಡುಕಿದರೂ ಮೂಲ ಸಿಗುವುದಿಲ್ಲ.

ನನ್ನದು ಸಿಕ್ಕಿತು. ಪಿತ್ತಕೋಶದಲ್ಲಿ ಕಲ್ಲಿದೆ ಅಂತ ಐದಾರು ವರ್ಷದಿಂದ ಗೊತ್ತಿತ್ತು. ನೋವಿಲ್ಲವಲ್ಲ ಅಂತ ಬಿಟ್ಟಿದ್ದೆ. ಜೊತೆಗೆ ಶುಗರ್. ಡಿಸೆಂಬರ್ ತಿಂಗಳು, ಮನೆ ತುಂಬ ಅಡಿಕೆ. ಒಂದು ರಾತ್ರಿ ಸುಲಿಯುವ ಹೆಂಗಸರ ಜೊತೆ ಮಾತಾಡುತ್ತಾ ನಾನೂ ಮೆಟ್ಟುಗತ್ತಿ ಹಾಕಿಕೊಂಡು ಕೂತೆ. ಮಾರನೇ ದಿನ ಸಂಜೆ ಮೈ ಬಿಸಿ, 102. ಕಪಾಟಿನ ಮೇಲೆ ಒಂದು ಹಳೇ ಬಿಸ್ಕತ್ ಡಬ್ಬಿ ಇದೆ. ಉಳಿದ ಮಾತ್ರೆಗಳೆಲ್ಲ ಅದರಲ್ಲೇ. ನಿಮ್ಮ ಮನೆಯಲ್ಲೂ ಒಂದು ಇರುತ್ತದೆ, ಅಲ್ವಾ? ನಮ್ಮವರಿಗೆ ಹಿಂದಿನ ವರ್ಷ ಮೂತ್ರದ ಸೋಂಕಿಗೆ ತಂದ ಸೆಫಿಕ್ಸಿಮ್ ಐದು ಉಳಿದಿತ್ತು. ಬೆಳಿಗ್ಗೆ ಒಂದು, ರಾತ್ರಿ ಒಂದು ನುಂಗಿದೆ. ಅದು ಮುಗಿದ ಮೇಲೆ ಅಜಿಥ್ರೋಮೈಸಿನ್ ಮೂರು ಸಿಕ್ಕಿತು, ಅದನ್ನೂ ನುಂಗಿದೆ. ಮೂವತ್ತು ವರ್ಷ ಪೇಶೆಂಟುಗಳಿಗೆ ‘ಹಾಗೆ ಮಾಡಬೇಡಿ’ ಅಂತ ಬೈದವಳು ನಾನು.

ಐದನೇ ದಿನ ಜ್ವರ 99ಕ್ಕೆ ಬಂತು. ಗೆದ್ದೆ ಅಂದುಕೊಂಡೆ. ಬಲಭುಜ ಮಾತ್ರ ಬಿಡದೆ ನೋಯುತ್ತಿತ್ತು. ಮೆಟ್ಟುಗತ್ತಿಯ ಮೇಲೆ ದೂರು ಹಾಕಿ, ಮೂರು ರಾತ್ರಿ ನಮ್ಮವರ ಹತ್ತಿರ ಎಣ್ಣೆ ತಿಕ್ಕಿಸಿಕೊಂಡೆ. ಲಿವರಿನ ಮೇಲ್ಭಾಗ ಬಾತರೆ ಅದರ ನೆತ್ತಿಯ ಮೇಲಿರುವ ವಪೆಗೆ, ಅಂದರೆ ಉಸಿರಾಟದ ಪೊರೆಗೆ ತಾಗುತ್ತದೆ. ಆ ಪೊರೆಗೂ ಭುಜದ ಚರ್ಮಕ್ಕೂ ನರ ಬರುವುದು ಕುತ್ತಿಗೆಯ ಒಂದೇ ಮಟ್ಟದಿಂದ. ಹಾಗಾಗಿ ಹೊಟ್ಟೆಯ ಕಾಯಿಲೆ ಭುಜದಲ್ಲಿ ನೋಯುತ್ತದೆ. ಇದನ್ನು ಜೂನಿಯರ್‌ಗಳಿಗೆ ಎಷ್ಟು ಸಲ ಪಾಠ ಮಾಡಿದ್ದೇನೋ! ನನ್ನ ಭುಜಕ್ಕೇ ಬಂದಾಗ ಹೊಳೆಯಲಿಲ್ಲ.

ಎಂಟನೇ ರಾತ್ರಿ ಚಳಿ ಹಿಡಿದು ಮಂಚವೇ ಗಡಗಡ ಅಂದಿತು. ಬಿಕ್ಕಳಿಕೆ ಬೇರೆ, ನಿಲ್ಲುತ್ತಲೇ ಇಲ್ಲ. ಒಂಬತ್ತನೇ ದಿನ ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ನನ್ನ ಮಗನ ವಯಸ್ಸಿನ ಡಾಕ್ಟರ್ ಬಲಗಡೆ ಪಕ್ಕೆಲುಬುಗಳ ನಡುವೆ ಒಂದು ಬೆರಳು ಇಟ್ಟು ಒತ್ತಿದರು. ನಾನು ಕೂಗಿದ್ದು ಹೊರಗಿನ ಬೆಂಚಿನವರಿಗೂ ಕೇಳಿಸಿತಂತೆ. ಸ್ಕ್ಯಾನಿನಲ್ಲಿ ಬಲಭಾಗದಲ್ಲಿ 8 ಸೆಂಟಿಮೀಟರ್ ಕೀವು. ಅವತ್ತೇ ತುದಿ ಸುರುಳಿ ಇರುವ ಸಣ್ಣ ಟ್ಯೂಬ್ ಹಾಕಿದರು. ಅದಕ್ಕೆ ಪಿಗ್‌ಟೇಲ್ ಅನ್ನುತ್ತಾರೆ. ಹಂದಿ ಬಾಲದ ಹಾಗೇ ಇರುತ್ತದೆ. ಮೊದಲ ದಿನ ಎರಡು ಲೋಟದಷ್ಟು ಬಂತು, ಹಳದಿ ಬಣ್ಣ, ಗಟ್ಟಿ ಮಜ್ಜಿಗೆಯ ಹದ.

ಈಗ ಬನ್ನಿ ರಿಪೋರ್ಟಿನ ವಿಷಯಕ್ಕೆ. ಕಲ್ಚರ್ ಅಂದರೆ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ. ನನ್ನ ರಕ್ತದ ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ. ಅದು ಒಳ್ಳೇ ಸುದ್ದಿ ಅಲ್ಲ. ಅರೆಬರೆ ಮಾತ್ರೆ ನುಂಗಿ ಹೋದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾ ಲ್ಯಾಬಿನಲ್ಲಿ ಬೆಳೆಯದಷ್ಟು ಬಡವಾಗಿರಬಹುದು. ಕೀವಿನ ಗೂಡಿನೊಳಗೆ ಮಾತ್ರ ಆರಾಮವಾಗಿರುತ್ತದೆ. ಪುಣ್ಯಕ್ಕೆ ಕೀವನ್ನೂ ಲ್ಯಾಬಿಗೆ ಕಳಿಸಿದ್ದರು. ಮೂರನೇ ದಿನ ಉತ್ತರ ಬಂತು. ಔಷಧಿಯ ಹೆಸರುಗಳ ಉದ್ದ ಪಟ್ಟಿ, ಮುಂದೆ ಒಂದೊಂದು ಅಕ್ಷರ. ‘ಎಸ್’ ಅಂದರೆ ಔಷಧಿ ಕೆಲಸ ಮಾಡುತ್ತದೆ, ‘ಆರ್’ ಅಂದರೆ ಬ್ಯಾಕ್ಟೀರಿಯಾ ಅದಕ್ಕೆ ಜಗ್ಗುವುದಿಲ್ಲ. ನಾನು ನುಂಗಿದ ಸೆಫಿಕ್ಸಿಮ್‌ನ ಬಳಗಕ್ಕೆಲ್ಲ ‘ಆರ್’.

ಪೆನಿಸಿಲಿನ್, ಸೆಫಿಕ್ಸಿಮ್ ಜಾತಿಯ ಔಷಧಿಗಳ ಜೀವ ಇರುವುದು ಅವುಗಳೊಳಗಿನ ಒಂದು ಪುಟ್ಟ ಉಂಗುರದಲ್ಲಿ. ಬೀಟಾ ಲ್ಯಾಕ್ಟಮ್ ಅಂತ ಅದರ ಹೆಸರು. ಇಎಸ್‌ಬಿಎಲ್ ಅನ್ನುವುದು ಬ್ಯಾಕ್ಟೀರಿಯಾ ತಯಾರಿಸುವ ಒಂದು ಕಿಣ್ವ, ಅಡಕತ್ತರಿ ಇದ್ದ ಹಾಗೆ. ಉಂಗುರ ಸಿಕ್ಕಿದ ಕೂಡಲೇ ಕಟ್ ಅನ್ನಿಸುತ್ತದೆ. ಆಮೇಲೆ ನೀವು ಎಷ್ಟು ದೊಡ್ಡ ಡೋಸ್ ಕೊಟ್ಟರೂ ಅದು ಸುಣ್ಣದ ಪುಡಿಗೆ ಸಮ. ಇನ್ನೊಂದು ಕಷ್ಟ ಇದೆ. ಈ ಅಡಕತ್ತರಿ ಮಾಡುವ ವಿದ್ಯೆಯನ್ನು ಒಂದು ಬ್ಯಾಕ್ಟೀರಿಯಾ ಪಕ್ಕದ್ದಕ್ಕೆ ಕೊಟ್ಟುಬಿಡುತ್ತದೆ, ನಾವು ಪಕ್ಕದ ಮನೆಗೆ ಹೆಪ್ಪು ಕೊಟ್ಟ ಹಾಗೆ. ಜಾತಿಯೂ ಒಂದೇ ಆಗಬೇಕಿಲ್ಲ. ಇ. ಕೋಲಿಯಿಂದ ಕ್ಲೆಬ್ಸಿಯೆಲ್ಲಾಗೆ ಹೋಗುತ್ತದೆ.

ನೀವು ಕೇಳಿದ ಆ ಇಂಜೆಕ್ಷನ್, ಮೆರೊಪೆನೆಮ್, ಬೇಕಾಗುವುದು ಇದಕ್ಕೇ. ಅದರ ಉಂಗುರ ಇಎಸ್‌ಬಿಎಲ್ ಕತ್ತರಿಗೆ ಸಿಗುವುದಿಲ್ಲ. ಎಂಟು ಗಂಟೆಗೊಮ್ಮೆ ಕೊಡಬೇಕು, ಬಾಯಿಂದ ಕೊಡಲು ಆಗದು. ಟ್ಯೂಬು, ಔಷಧಿ ಸೇರಿ ಸಾಮಾನ್ಯವಾಗಿ 4ರಿಂದ 6 ವಾರದ ಲೆಕ್ಕ. ಬಿಲ್ ನೋಡಿ ಎದೆ ಧಸಕ್ ಅನ್ನುವುದು ಸಹಜ. ಎರಡು ಮಾತು ಡಾಕ್ಟರ ಹತ್ತಿರ ಕೇಳಿ. ಒಂದು, ಜೆನೆರಿಕ್ ಬರೆದುಕೊಡಲು ಆಗುತ್ತದೆಯೇ? ಜನೌಷಧಿ ಕೇಂದ್ರದಲ್ಲೂ ವಿಚಾರಿಸಿ. ಇನ್ನೊಂದು, ಜ್ವರ ನಿಂತು ಟ್ಯೂಬು ತೆಗೆದ ಮೇಲೆ ದಿನಕ್ಕೆ ಒಂದೇ ಸಲ ಕೊಡುವ ಎರ್ಟಾಪೆನೆಮ್‌ಗೆ ಬದಲಾಯಿಸಿ ಮನೆಗೆ ಕಳಿಸಬಹುದೇ? ನನಗೆ ಹಾಗೆ ಮಾಡಿದರು. ಕೊನೆಯ ಎರಡು ವಾರ ದಿನಾ ಬೆಳಿಗ್ಗೆ ನಮ್ಮೂರ ಬಸ್ಸಿನಲ್ಲಿ ಹೋಗಿ ಚುಚ್ಚಿಸಿಕೊಂಡು, ಮಧ್ಯಾಹ್ನದ ಊಟಕ್ಕೆ ವಾಪಸ್ ಬರುತ್ತಿದ್ದೆ.

ಮೆರೊಪೆನೆಮ್ ಉಂಗುರವನ್ನೂ ಕತ್ತರಿಸುವ ಬ್ಯಾಕ್ಟೀರಿಯಾ ಈಗ ಇವೆ. ಎನ್‌ಡಿಎಂ ಅನ್ನುವ ಕತ್ತರಿಯ ವರದಿ ಬಂದದ್ದು 2009ರಲ್ಲಿ. ಅದರ ಹೆಸರಿನಲ್ಲೇ ನವದೆಹಲಿ ಇದೆ. ಅಂಥದ್ದು ಹೊಕ್ಕರೆ ಕೊಲಿಸ್ಟಿನ್‌ನಂಥ, ಕಿಡ್ನಿಗೆ ಏಟು ಕೊಡಬಲ್ಲ ಹಳೇ ಔಷಧಿಗೆ ಕೈ ಹಾಕಬೇಕಾಗುತ್ತದೆ. ಇಲ್ಲವೇ ಇನ್ನೂ ದುಬಾರಿಯ ಹೊಸದಕ್ಕೆ. ನಿಮ್ಮ ತಂದೆಯ ರಿಪೋರ್ಟಿನಲ್ಲಿ ಮೆರೊಪೆನೆಮ್ ಮುಂದೆ ‘ಎಸ್’ ಇದ್ದರೆ ಸಮಾಧಾನ ಪಟ್ಟುಕೊಳ್ಳಿ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ಕ್ಲೆಬ್ಸಿಯೆಲ್ಲಾದಲ್ಲಿ ಒಂದು ಉಗ್ರ ತಳಿ ಇದೆ. ತೈವಾನಿನ ವೈದ್ಯರು 1980ರ ದಶಕದಲ್ಲಿ ಗುರುತಿಸಿದ್ದು. ಲ್ಯಾಬಿನಲ್ಲಿ ಅದನ್ನು ಕಡ್ಡಿಯಿಂದ ಮುಟ್ಟಿ ಮೇಲೆತ್ತಿದರೆ ಜೋನಿಬೆಲ್ಲದ ಹಾಗೆ ಎಳೆ ಬರುತ್ತದೆ. ಎಳೆ 5 ಮಿಲಿಮೀಟರ್ ದಾಟಿದರೆ ಅನುಮಾನ. ಇದು ಲಿವರಿನಲ್ಲಿ ಸುಮ್ಮನೆ ಕೂರುವುದಿಲ್ಲ. ರಕ್ತದಲ್ಲಿ ಕಣ್ಣಿಗೆ, ಮಿದುಳಿಗೆ, ಶ್ವಾಸಕೋಶಕ್ಕೆ ಹೋಗುತ್ತದೆ. ಅಪ್ಪ ‘ಕಣ್ಣು ಮಂಜು’ ಅಂದರೆ ಕನ್ನಡಕದ ನಂಬರ್ ಅಂತ ಬಿಡಬೇಡಿ. ಅದೇ ದಿನ, ಅದೇ ಗಂಟೆಯಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿ. ತಡವಾದರೆ ದೃಷ್ಟಿ ಹೋಗುತ್ತದೆ.

ನಿಮ್ಮ ಊರಿನ ಆ ಮೂರು ಬಗೆಯ ಮಾತ್ರೆಗಳಿಂದ ಕೀವು ಆಗಿದ್ದಲ್ಲ. ಅವು ಕೀವಿಗೆ ಮುಸುಕು ಹಾಕಿ, ಬೆಳೆಯಲು ಹನ್ನೆರಡು ದಿನ ಕೊಟ್ಟವು. ಡಿಸ್ಚಾರ್ಜ್ ಆಗುವಾಗ ಆ ಕಲ್ಚರ್ ರಿಪೋರ್ಟಿನ ಒಂದು ಪ್ರತಿ ಕೇಳಿ ಪಡೆದು, ಆರ್‌ಟಿಸಿ ಪಹಣಿ ಇಡುವ ಫೈಲಿನಲ್ಲೇ ಇಡಿ. ಮುಂದೆ ಎಂದಾದರೂ ಸೋಂಕಾದರೆ ಹೊಸ ಡಾಕ್ಟರಿಗೆ ಮೊದಲು ತೋರಿಸಬೇಕಾದ ಕಾಗದ ಅದು. ಅಪ್ಪ ಚೇತರಿಸಿಕೊಂಡ ಮೇಲೆ ಪಿತ್ತಕೋಶ ನೋಡಿಸಿ. ಕಾರಣ ಸಿಗದೇ ಹೋದರೆ ದೊಡ್ಡ ಕರುಳನ್ನೂ ಒಮ್ಮೆ ಪರೀಕ್ಷಿಸಲು ಹೇಳಬಹುದು. ಹೆದರಿ ಬೇಡ ಅನ್ನಬೇಡಿ.

ಪ್ರಶ್ನೆ: ಲಿವರಿನ ಕೀವು ತೆಗೆಸಿ ಎರಡು ತಿಂಗಳಾಯಿತು. ಜ್ವರ ಇಲ್ಲ, ಊಟ ಸೇರುತ್ತದೆ. ಆದರೆ ಸ್ಕ್ಯಾನಿನಲ್ಲಿ ಇನ್ನೂ 3 ಸೆಂಟಿಮೀಟರ್ ಗೂಡು ಕಾಣುತ್ತಿದೆಯಂತೆ. ನೆಲನೆಲ್ಲಿ ಕಷಾಯ ಕುಡಿದರೆ ಮುಚ್ಚುತ್ತದೆ ಅಂತ ಅತ್ತೆ ಹೇಳುತ್ತಾರೆ. — ಸಾಗರ

ಉತ್ತರ: ಬಾವಿ ಬತ್ತಿದ ಮೇಲೂ ಗುಂಡಿ ಇರುತ್ತದಲ್ಲ. ಗೂಡು ಪೂರ್ತಿ ಮುಚ್ಚಲು ತಿಂಗಳುಗಟ್ಟಲೆ ಬೇಕು. ಜ್ವರ, ನೋವು ಇಲ್ಲದೆ ತೂಕ ಏರುತ್ತಿದ್ದರೆ ಪ್ರತಿ ಹದಿನೈದು ದಿನಕ್ಕೆ ಸ್ಕ್ಯಾನ್ ಮಾಡಿಸಿ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಡಾಕ್ಟರ್ ಹೇಳಿದ ದಿನಕ್ಕೆ ಹೋದರೆ ಸಾಕು. ಮತ್ತೆ ಚಳಿಜ್ವರ ಬಂದರೆ ಕಾಯಬೇಡಿ. ಕಷಾಯದಿಂದ ಗೂಡು ಮುಚ್ಚುವುದಿಲ್ಲ. ಅತ್ತೆಗೆ ಎದುರು ಹೇಳಬೇಡಿ, ಕುಡಿಯುವ ಮುಂಚೆ ಡಾಕ್ಟರಿಗೆ ಮಾತ್ರ ಹೇಳಿ.

ಪ್ರಶ್ನೆ: ನಮ್ಮದು ಕಾಡಂಚಿನ ಮನೆ. ದರಗು, ಅಂದರೆ ಉದುರಿದ ಒಣ ಎಲೆ ತರಲು ದಿನಾ ಹೋಗುತ್ತೇವೆ. ಜನವರಿ ಬಂದರೆ ಮಂಗನ ಕಾಯಿಲೆಯ ಭಯ. ಜ್ವರ ಬಂದ ದಿನವೇ ಮುಂಜಾಗ್ರತೆಗೆ ಆಂಟಿಬಯಾಟಿಕ್ ಶುರು ಮಾಡಿದರೆ ತಪ್ಪೇನು? — ಹೊಸನಗರ ತಾಲ್ಲೂಕು

ಉತ್ತರ: ಮಂಗನ ಕಾಯಿಲೆ ವೈರಸ್ಸಿನದು. 1957ರಲ್ಲಿ ನಮ್ಮದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದು, ಉಣುಗು ಕಚ್ಚಿ ಬರುತ್ತದೆ. ವೈರಸ್ಸಿಗೆ ಆಂಟಿಬಯಾಟಿಕ್ ಕೊಡುವುದು ಹುಲಿ ಹಿಡಿಯಲು ಗಾಳ ಹಾಕಿದ ಹಾಗೆ.

ಹಾಗಂತ ಜ್ವರಕ್ಕೆ ಆಂಟಿಬಯಾಟಿಕ್ಕೇ ಬೇಡ ಅಂತಲೂ ಹೇಳಲಾರೆ. ಮಲೆನಾಡಿನ ತಾಪತ್ರಯವೇ ಅದು. ಗದ್ದೆ ಕೆಸರಿನಲ್ಲಿ ನಿಂತವರಿಗೆ ಇಲಿಜ್ವರ, ಪೊದೆಯಲ್ಲಿ ಓಡಾಡಿದವರಿಗೆ ಸ್ಕ್ರಬ್ ಟೈಫಸ್. ಎರಡಕ್ಕೂ ಡಾಕ್ಸಿಸೈಕ್ಲಿನ್ ಬೇಗ ಕೊಟ್ಟಷ್ಟೂ ಒಳ್ಳೆಯದು. ಡೆಂಗಿಗೆ ಅದರಿಂದ ಏನೂ ಉಪಯೋಗವಿಲ್ಲ. ಹೊರಗಿನಿಂದ ನೋಡಿದರೆ ನಾಲ್ಕೂ ಒಂದೇ: ಜ್ವರ, ತಲೆನೋವು, ಮೈಕೈ ನೋವು. ಅದಕ್ಕೇ ಮಾತ್ರೆಗಿಂತ ಮೊದಲು ರಕ್ತ ಕೊಡಿ. ಮಂಗನ ಕಾಯಿಲೆಯ ಪರೀಕ್ಷೆ ಶಿವಮೊಗ್ಗದ ವೈರಸ್ ಪ್ರಯೋಗಾಲಯದಲ್ಲೇ ಆಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದವರು ಕಳಿಸುತ್ತಾರೆ. ಕಾಡಿಗೆ ಹೋಗಿದ್ದು, ಉಣುಗು ಕಚ್ಚಿದ್ದು, ಹತ್ತಿರದಲ್ಲಿ ಮಂಗ ಸತ್ತಿದ್ದು, ಇಷ್ಟನ್ನೂ ಅಲ್ಲಿ ಬಾಯಿ ಬಿಟ್ಟು ಹೇಳಿ. ಕಂಕುಳು, ತೊಡೆಸಂದಿಯಲ್ಲಿ ಬೀಡಿ ಸುಟ್ಟ ಹಾಗೆ ಕಪ್ಪು ಗಾಯ ಇದ್ದರೆ ನಾಚಿಕೆ ಬಿಟ್ಟು ತೋರಿಸಿ. ಅದು ಸ್ಕ್ರಬ್ ಟೈಫಸ್‌ನ ಗುರುತು. ಅಷ್ಟರವರೆಗೆ ಜ್ವರಕ್ಕೆ ಪ್ಯಾರಸಿಟಮಾಲ್, ಕುಡಿಯಲು ಗಂಜಿ ತಿಳಿ. ಬ್ರೂಫೆನ್, ಆಸ್ಪಿರಿನ್ ಬೇಡ. ಡೆಂಗಿಯೋ ಮಂಗನ ಕಾಯಿಲೆಯೋ ಆಗಿದ್ದರೆ ರಕ್ತಸ್ರಾವ ಹೆಚ್ಚಬಹುದು.

ಪ್ರಶ್ನೆ: ಹೊಳೆಮೀನಿನ ಮುಳ್ಳು ನುಂಗಿದರೆ ಲಿವರಿನಲ್ಲಿ ಕೀವಾಗುತ್ತದೆ ಅಂತ ಗೆಳೆಯ ಹೆದರಿಸುತ್ತಿದ್ದಾನೆ. ಸುಮ್ನೆ ಹೇಳ್ತಿದ್ದಾನಾ? — ತೀರ್ಥಹಳ್ಳಿ

ಉತ್ತರ: ಇಲ್ಲ, ಗೆಳೆಯ ಅಪರೂಪದ ನಿಜ ಹೇಳಿದ್ದಾನೆ. ಮುಳ್ಳು ಹೊಟ್ಟೆಯ ಗೋಡೆ ತೂರಿ ಲಿವರಿಗೆ ಚುಚ್ಚಿ ಕೀವಾದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಇವೆ. ಮುಳ್ಳು ಒಳಗಿರುವ ತನಕ ಯಾವ ಔಷಧಿಗೂ ಕೀವು ಪೂರ್ತಿ ವಾಸಿಯಾಗುವುದಿಲ್ಲ. ಆದರೆ ನುಂಗಿದ ಮುಳ್ಳುಗಳಲ್ಲಿ ಹೆಚ್ಚಿನವು ಸದ್ದಿಲ್ಲದೆ ಹೊರಗೆ ಹೋಗುತ್ತವೆ. ಮೀನು ಬಿಡಬೇಡಿ, ಮಾತಾಡುತ್ತಾ ತಿನ್ನಬೇಡಿ.

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತೇನೆ. ‘ಹಿಂದೆ ಕೊಟ್ಟಿದ್ದೇ ಕೊಡಿ, ಎರಡು ದಿನದ್ದು ಸಾಕು’ ಅಂತ ದಿನಕ್ಕೆ ಹತ್ತು ಜನ ಬರುತ್ತಾರೆ. ಕೊಡಲ್ಲ ಅಂದರೆ ಎದುರಿನ ಅಂಗಡಿಗೆ ಹೋಗುತ್ತಾರೆ. ಓನರ್ ಬೈಯುತ್ತಾರೆ. ನಾನೇನು ಮಾಡಲಿ?

ಉತ್ತರ: ಈ ಸಲ ಬಂದ ಪತ್ರಗಳಲ್ಲಿ ನನ್ನನ್ನು ನಿದ್ದೆಗೆಡಿಸಿದ್ದು ಇದು. ಯಾಕೆಂದರೆ ನೀವು ವಿವರಿಸಿದ ಗಿರಾಕಿ ನಾನೇ. ನನ್ನ ಅಂಗಡಿ ಬಿಸ್ಕತ್ ಡಬ್ಬಿ, ಅಷ್ಟೇ ವ್ಯತ್ಯಾಸ.

ಕಾನೂನು ನಿಮ್ಮ ಕಡೆಗಿದೆ. ಸೆಫಿಕ್ಸಿಮ್, ಮೆರೊಪೆನೆಮ್‌ನಂಥವು 2014ರ ಮಾರ್ಚಿನಿಂದ ಎಚ್1 ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಕೊಡುವಂತಿಲ್ಲ. ಡಾಕ್ಟರ್ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟಿರಿ, ಎಲ್ಲವನ್ನೂ ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಆ ಪುಸ್ತಕವನ್ನು ಕೌಂಟರಿನ ಮೇಲೆ ಕಾಣುವ ಹಾಗೆ ಇಡಿ. ‘ನಾನು ಬರೆಯಬೇಕು, ಚೀಟಿ ತನ್ನಿ’ ಅನ್ನುವುದು ‘ಕೊಡಲ್ಲ’ ಅನ್ನುವುದಕ್ಕಿಂತ ಸುಲಭ. ಕೆಲವರಾದರೂ ತಿರುಗಿ ಬರುತ್ತಾರೆ. ಸ್ಟ್ರಿಪ್ಪಿನ ಹಿಂದಿರುವ ಕೆಂಪು ಗೆರೆ ತೋರಿಸಿ. ಓದು ಬರದವರಿಗೂ ಗೆರೆ ಅರ್ಥವಾಗುತ್ತದೆ. ಓನರ್ ಬಗ್ಗೆ ನನ್ನ ಹತ್ತಿರ ಔಷಧಿ ಇಲ್ಲ. ನಿಮ್ಮ ಸಂಬಳ ಅವರ ಕೈಯಲ್ಲಿರುವಾಗ ಶೂರತನದ ಬೋಧನೆ ಮಾಡಲು ನನಗೆ ನಾಚಿಕೆ. ತಪ್ಪು ನಿಮ್ಮೊಬ್ಬರದೂ ಅಲ್ಲ. ಮೂರು ದಿನದ ಶೀತಕ್ಕೆ ಚೀಟಿ ತುಂಬ ಆಂಟಿಬಯಾಟಿಕ್ ಬರೆದುಕೊಟ್ಟ ನಮ್ಮ ಡಾಕ್ಟರುಗಳೂ ಕಡಿಮೆಯಿಲ್ಲ. ‘ಸೂಜಿ ಹಾಕದ ಡಾಕ್ಟ್ರು ಡಾಕ್ಟ್ರೇ ಅಲ್ಲ’ ಅನ್ನುವ ಪೇಶೆಂಟುಗಳೂ ಅಷ್ಟೇ.

ಒಂದು ಕೆಲಸ ಮಾತ್ರ ಇವತ್ತಿನಿಂದಲೇ ಮಾಡಬಹುದು. ಚಳಿ ಬಂದು ನಡುಗಿದ ಜ್ವರ, ಶುಗರ್ ಇರುವವರು, ಬಲಪಕ್ಕೆ ಅಥವಾ ಬಲಭುಜ ನೋವು. ಈ ಮೂರು ಕಂಡರೆ ಎರಡು ದಿನದ ಮಾತ್ರೆ ಕೇಳಿದರೂ ಕೊಡದೆ, ‘ಒಂದು ಸ್ಕ್ಯಾನ್ ಮಾಡಿಸಿ’ ಅನ್ನಿ. ನನಗೆ ಯಾರಾದರೂ ಹಾಗೆ ಅಂದಿದ್ದರೆ ಎಣ್ಣೆಯೂ ಉಳಿಯುತ್ತಿತ್ತು.

ಪ್ರಶ್ನೆ: ಮನೆಯಲ್ಲಿ ಉಳಿದಿರುವ ಹಳೇ ಮಾತ್ರೆಗಳನ್ನು ಏನು ಮಾಡುವುದು? ಗೊಬ್ಬರಗುಂಡಿಗೆ ಹಾಕಬಹುದಾ? — ಶೃಂಗೇರಿ

ಉತ್ತರ: ಬೇಡ. ಆಂಟಿಬಯಾಟಿಕ್ ಆದರಂತೂ ಖಂಡಿತ ಬೇಡ. ಸಗಣಿ ತುಂಬ ಬ್ಯಾಕ್ಟೀರಿಯಾ ಇರುತ್ತವೆ. ಅಲ್ಲಿ ಸ್ವಲ್ಪ ಸ್ವಲ್ಪ ಔಷಧಿ ಸಿಕ್ಕರೆ ಅಡಕತ್ತರಿಯ ವಿದ್ಯೆ ಇರುವವೇ ಬದುಕಿ ಉಳಿದು ಬೆಳೆಯುತ್ತವೆ. ಆಮೇಲೆ ಆ ಗೊಬ್ಬರ ತೋಟಕ್ಕೆ, ತೋಟದ ನೀರು ಹಳ್ಳಕ್ಕೆ, ಹಳ್ಳ ತುಂಗೆಗೆ. ಹೊಳೆಗೆ ನೇರವಾಗಿ ಎಸೆಯುವುದೂ, ಕಮೋಡಿಗೆ ಹಾಕುವುದೂ ಬೇಡ. ಮೊದಲು ಔಷಧಿ ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರಾ ಕೇಳಿ. ಇಲ್ಲ ಅಂದರೆ ಸ್ಟ್ರಿಪ್ಪಿನಿಂದ ಬಿಡಿಸಿ, ಕಾಫಿ ಚರಟದ ಜೊತೆ ಕಲಸಿ, ದಪ್ಪ ಕವರಿನಲ್ಲಿ ಕಟ್ಟಿ ಪಂಚಾಯ್ತಿಯ ಕಸದ ಗಾಡಿಗೆ ಬೇರೆಯಾಗಿಯೇ ಕೊಡಿ. ಮಾತ್ರೆ ಅಂತ ಹೇಳಿಯೇ ಕೊಡಿ.

ನಮ್ಮ ಮನೆಯ ಡಬ್ಬಿಯನ್ನು ನಾನು ಆಸ್ಪತ್ರೆಯಲ್ಲಿದ್ದಾಗಲೇ ನಮ್ಮವರು ಖಾಲಿ ಮಾಡಿದ್ದರು. ಎಲ್ಲಿ ಸುರಿದಿರಿ ಅಂದರೆ, ‘ಗೊಬ್ಬರಗುಂಡಿಗೆ’ ಅಂದರು.